ಐ7 ಅನ್ನೋ ಹೆಸರಿಗಲ್ಲ, 16 ಜಿಬಿಗೆ ದುಡ್ಡು ಕೊಡಿ

ಪ್ರಶ್ನೆ: ತಿಪಟೂರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್, ಪಾಸ್‌ಪೋರ್ಟ್ ಫೋಟೊ, ಪಹಣಿ ಪ್ರಿಂಟ್, ಆನ್‌ಲೈನ್ ಅರ್ಜಿ, ಇವೇ ಕೆಲಸ. ಈಗಿರುವುದು ಐ3-6100 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್. ತುಂಬಾ ನಿಧಾನ. ಮಾನಿಟರ್, ಕೀಬೋರ್ಡ್, ಯುಪಿಎಸ್ ಇವೆ. ಸಿಪಿಯುಗೆ ಮಾತ್ರ 40,000 ರೂಪಾಯಿ ಇಟ್ಟಿದ್ದೇನೆ. ಇಲ್ಲೊಬ್ಬರು ‘ಐ7, 8 ಜಿಬಿ’ ಇರುವ ಸೆಕೆಂಡ್ ಹ್ಯಾಂಡ್ ಮೆಷಿನ್ 18,000ಕ್ಕೆ ಕೊಡುತ್ತೇನೆ ಅಂತಾರೆ. ಮಾದರಿ ಸಂಖ್ಯೆ ಐ7-3770. ಮಗನ ಗೆಳೆಯರು ಎಎಂಡಿ ಕಂಪನಿಯ ರೈಜನ್ ತಗೊಳ್ಳಿ ಅಂತಾರೆ. ಮಗ ಬಿಸಿಎ ಓದುತ್ತಿದ್ದಾನೆ, ಅವನೂ ರಾತ್ರಿ ಬಳಸುತ್ತಾನೆ. ಯಾವ ಪ್ರೊಸೆಸರ್, ಎಷ್ಟು ರ‍್ಯಾಮ್ ತಗೊಳ್ಳಲಿ? ಹಳೆಯ 4 ಜಿಬಿ ರ‍್ಯಾಮನ್ನು ಹೊಸದಕ್ಕೆ ಹಾಕಬಹುದಾ?

ಉತ್ತರ: ನಮಸ್ಕಾರ. ನೀವು ಮಾದರಿ ಸಂಖ್ಯೆಯನ್ನೂ ಬರೆದಿದ್ದು ಬಹಳ ಒಳ್ಳೆಯದಾಯಿತು. ಬರೀ ‘ಐ7’ ಅಂತ ಬರೆದಿದ್ದರೆ ನನಗೆ ಉತ್ತರ ಹೇಳುವುದಕ್ಕೇ ಆಗುತ್ತಿರಲಿಲ್ಲ.

ಆ 18,000ದ ಮೆಷಿನ್ ತಗೊಳ್ಳಬೇಡಿ. ಇದು ಮೊದಲ ಮಾತು. ಕಾರಣ ಹೇಳುತ್ತೇನೆ.

ಐ7-3770 ಬಂದಿದ್ದು 2012ರಲ್ಲಿ. ಅದರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ವೇಗ 3.4ರಿಂದ 3.9 ಗಿಗಾಹರ್ಟ್ಸ್. ಈಗ ಪಕ್ಕದಲ್ಲಿ 2022ರ ಐ3-12100 ಇಟ್ಟು ನೋಡಿ. ಅದರಲ್ಲೂ 4 ಕೋರ್, 8 ಥ್ರೆಡ್. ವೇಗ 3.3ರಿಂದ 4.3 ಗಿಗಾಹರ್ಟ್ಸ್. ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಅನ್ನಿಸುತ್ತದೆ, ಅಲ್ವಾ? ಆದರೆ ಕೆಲಸಕ್ಕೆ ಹಚ್ಚಿದರೆ ಐ3 ಬಹಳ ಮುಂದೆ ಓಡುತ್ತದೆ. ಒಂದು ಕೋರ್‌ನಲ್ಲಿ ನಡೆಯುವ ಕೆಲಸದಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಎಲ್ಲ ಕೋರ್‌ಗಳೂ ದುಡಿಯುವ ಕೆಲಸದಲ್ಲಿ ಸುಮಾರು ಎರಡು ಪಟ್ಟು.

ನಿಮ್ಮದು ಕೊಬ್ಬರಿಯ ಊರು, ಹಾಗಾಗಿ ಕಾಯಿ ಸುಲಿಯುವವರ ಲೆಕ್ಕದಲ್ಲೇ ಹೇಳುತ್ತೇನೆ. ಇಬ್ಬರು ನಿಂತಿದ್ದಾರೆ. ಇಬ್ಬರೂ ನಿಮಿಷಕ್ಕೆ ಅಷ್ಟೇ ಸಲ ಕಾಯಿಯನ್ನು ಗೂಟಕ್ಕೆ ಕುಕ್ಕುತ್ತಾರೆ. ಒಬ್ಬನಿಗೆ ಒಂದು ಕಾಯಿ ಸುಲಿಯಲು ಐದು ಪೆಟ್ಟು ಬೇಕು. ಇನ್ನೊಬ್ಬನಿಗೆ ಮೂರೇ ಸಾಕು. ಸಂಜೆ ಹೊತ್ತಿಗೆ ಯಾರ ರಾಶಿ ದೊಡ್ಡದಿರುತ್ತದೆ ಅಂತ ನಿಮಗೇ ಗೊತ್ತು. ಗಿಗಾಹರ್ಟ್ಸ್ ಅಂದರೆ ಪೆಟ್ಟುಗಳ ಎಣಿಕೆ ಅಷ್ಟೇ. ಒಂದು ಪೆಟ್ಟಿಗೆ ಎಷ್ಟು ಕೆಲಸ ಆಗುತ್ತದೆ ಅನ್ನುವುದು ಆ ಸಂಖ್ಯೆಯಲ್ಲಿ ಇರುವುದಿಲ್ಲ. ಅದು ಪ್ರೊಸೆಸರ್‌ನ ತಲೆಮಾರಿನ ಮೇಲೆ ನಿಂತಿದೆ.

ಹಾಗಾಗಿ ಇಂಟೆಲ್ ಕಂಪನಿಯ ಐ3, ಐ5, ಐ7 ಅನ್ನುವುದನ್ನು ಒಂದೇ ತಲೆಮಾರಿನ ಒಳಗೆ ಮಾತ್ರ ಹೋಲಿಸಬೇಕು. ಅಡ್ಡಗೆರೆಯ ನಂತರದ ಅಂಕಿಗಳಲ್ಲಿ ತಲೆಮಾರು ಇದೆ. 3770ರಲ್ಲಿ 3 ಅಂದರೆ ಮೂರನೆಯದು. ನಿಮ್ಮ 6100 ಆರನೆಯದು. 12100 ಅಂದರೆ ಹನ್ನೆರಡನೆಯದು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ‘ಐ7’ ಅಂತ ದಪ್ಪಕ್ಷರದಲ್ಲಿ ಬರೆದು ಉಳಿದ ಅಂಕಿ ಹೇಳದೇ ಬಿಡುವುದು ತೀರಾ ಸಾಮಾನ್ಯ. ನೀವು ಕೇಳಿದ್ದೀರಿ. ಎಲ್ಲರೂ ಕೇಳಬೇಕು.

ಇನ್ನೂ ಒಂದು ದೊಡ್ಡ ತೊಡಕಿದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗೆ. ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಅಥವಾ ಅದೇ ಕೆಲಸ ಮಾಡುವ ವ್ಯವಸ್ಥೆ ಬೇಕು. ಮೂರನೇ ತಲೆಮಾರಿನ ಮೆಷಿನ್ ಆ ಸಾಲಿನಲ್ಲೇ ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಮನೆಯಲ್ಲಿ ಆಟ ಆಡುವ ಕಂಪ್ಯೂಟರ್ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಆದರೆ ನಿಮ್ಮ ಮೆಷಿನ್‌ನಲ್ಲಿ ಊರವರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಜಾತಿ ಆದಾಯ ಪ್ರಮಾಣಪತ್ರ ಎಲ್ಲಾ ಹಾದುಹೋಗುತ್ತವೆ. ಜನ ನಿಮ್ಮನ್ನು ನಂಬಿ ಪೆನ್‌ಡ್ರೈವ್ ಕೊಡುತ್ತಾರೆ. ಅಲ್ಲಿ ಭದ್ರತೆಯ ಅಪ್‌ಡೇಟ್ ಬಾರದ ಮೆಷಿನ್ ಇಡಬಾರದು.

ಈಗ ನಿಮ್ಮ ಕೆಲಸಕ್ಕೆ ನಿಜವಾಗಿ ಏನು ಬೇಕು ಅಂತ ನೋಡೋಣ. ನನ್ನ ಅನುಭವದಲ್ಲಿ ಡಿಟಿಪಿ ಅಂಗಡಿಯ ಕಂಪ್ಯೂಟರ್ ಸೋಲುವುದು ಹೆಚ್ಚಾಗಿ ಪ್ರೊಸೆಸರ್‌ನಿಂದಲ್ಲ, ರ‍್ಯಾಮ್ ಸಾಲದೆ. ತೆರೆದಿರುವ ಕೆಲಸವನ್ನೆಲ್ಲ ಕಂಪ್ಯೂಟರ್ ಆ ಹೊತ್ತಿಗೆ ಇಟ್ಟುಕೊಳ್ಳುವ ಜಾಗವೇ ರ‍್ಯಾಮ್. ಸ್ವಲ್ಪ ಲೆಕ್ಕ ಹಾಕಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಪಾಸ್‌ಪೋರ್ಟ್ ಅಳತೆಯ ಫೋಟೊ ತಗೊಳ್ಳಿ. 3.5 ಸೆಂಟಿಮೀಟರ್ ಅಗಲ, 4.5 ಸೆಂಟಿಮೀಟರ್ ಎತ್ತರ, 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ). ಅಂದರೆ 413 ಮತ್ತು 531 ಪಿಕ್ಸೆಲ್. ಫೋಟೊಶಾಪ್‌ನಲ್ಲಿ ತೆರೆದರೆ ಒಂದು ಲೇಯರ್ (ಚಿತ್ರದ ಒಂದು ಪದರ) ಒಂದು ಎಂಬಿಯೂ ಆಗುವುದಿಲ್ಲ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 26 ಎಂಬಿ. ಇದೂ ದೊಡ್ಡ ಮಾತಲ್ಲ.

ಈಗ ಜಾತ್ರೆಗೆ ಅಂತ 10 ಅಡಿ ಅಗಲ, 8 ಅಡಿ ಎತ್ತರದ ಫ್ಲೆಕ್ಸ್ ಮಾಡಿ. 72 ಡಿಪಿಐ ಇಟ್ಟರೂ 8,640 ಮತ್ತು 6,912 ಪಿಕ್ಸೆಲ್ ಆಯಿತು. ಅಚ್ಚಿನ ನಾಲ್ಕು ಬಣ್ಣಗಳ ಸಿಎಂವೈಕೆಯಲ್ಲಿ ಒಂದೊಂದು ಪಿಕ್ಸೆಲ್‌ಗೆ 4 ಬೈಟ್. ತುಂಬಿದ ಒಂದೇ ಲೇಯರ್‌ಗೆ ಸುಮಾರು 240 ಎಂಬಿ ಬೇಕು. 100 ಡಿಪಿಐ ಇಟ್ಟರೆ ಅದೇ ಲೇಯರ್ 460 ಎಂಬಿ. ಹಿನ್ನೆಲೆ ಒಂದು, ದೇವರ ಚಿತ್ರ ಒಂದು, ಮುಖಂಡರ ಫೋಟೊಗಳ ಸಾಲು, ಅಕ್ಷರ, ನೆರಳು ಅಂತ ಲೇಯರ್ ಏರುತ್ತಾ ಹೋದಂತೆ ಜಿಬಿಗಳು ಕರಗುತ್ತವೆ. ಅದರ ಮೇಲೆ ಹಿಂದಕ್ಕೆ ಹೋಗಲು ಬೇಕು ಅಂತ ಫೋಟೊಶಾಪ್ ಹಳೆಯ ಹಂತಗಳನ್ನೂ ನೆನಪಿಟ್ಟುಕೊಳ್ಳುತ್ತದೆ. ಫೋಟೊಶಾಪ್ ತಯಾರಕರೇ ಕನಿಷ್ಠ 8 ಜಿಬಿ, ಸಲೀಸಾದ ಕೆಲಸಕ್ಕೆ 16 ಜಿಬಿ ಅಂತ ಹೇಳುತ್ತಾರೆ.

4 ಜಿಬಿ ಮೆಷಿನ್‌ನಲ್ಲಿ ಈ ಕೆಲಸ ಮಾಡುವಾಗ ಆಗುವುದೇನು? ರ‍್ಯಾಮ್ ತುಂಬಿದ ಕೂಡಲೇ ಕಂಪ್ಯೂಟರ್ ಮಿಕ್ಕಿದ್ದನ್ನು ಡಿಸ್ಕಿಗೆ ತಳ್ಳುತ್ತದೆ. ಬೇಕಾದಾಗ ಮತ್ತೆ ಅಲ್ಲಿಂದ ಎಳೆದು ತರುತ್ತದೆ. ನಿಮ್ಮದು ತಿರುಗುವ ಹಾರ್ಡ್‌ಡಿಸ್ಕ್. ಅದು ಈ ಓಡಾಟಕ್ಕೆ ಆಗುವಂಥದ್ದಲ್ಲ. ಗಿರಾಕಿ ಎದುರಿಗೆ ನಿಂತಿರುತ್ತಾರೆ, ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಪ್ರೊಸೆಸರ್ ಆ ಹೊತ್ತಿನಲ್ಲಿ ಕೈಕಟ್ಟಿ ಕೂತಿರುತ್ತದೆ.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಖರೀದಿಗೆ ಮೊದಲು ಒಂದು ದಿನ ಈ ಪರೀಕ್ಷೆ ಮಾಡಿ. ಅಂಗಡಿಯಲ್ಲಿ ರಶ್ ಇರುವ ಹೊತ್ತಿನಲ್ಲಿ, ಎಲ್ಲಾ ತೆರೆದಿರುವಾಗ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಮೆಮೊರಿ ಶೇಕಡಾ 90 ದಾಟಿ, ಡಿಸ್ಕ್ 100ರಲ್ಲಿ ನಿಂತು, ಸಿಪಿಯು (ಇಲ್ಲಿ ಪ್ರೊಸೆಸರ್ ಅಂತ ಅರ್ಥ) ಮಾತ್ರ 30, 40ರಲ್ಲಿ ಓಡಾಡುತ್ತಿದ್ದರೆ ತೊಂದರೆ ರ‍್ಯಾಮಿನದು, ಡಿಸ್ಕಿನದು. ಸಿಪಿಯು 100ರಲ್ಲೇ ಕೂತಿದ್ದರೆ ಆಗ ಪ್ರೊಸೆಸರ್ ಮಾತು. ನಿಮ್ಮ ಐ3-6100ರಲ್ಲಿ ಇರುವುದು 2 ಕೋರ್ ಮಾತ್ರ. ಹಾಗಾಗಿ ಎರಡೂ ಸ್ವಲ್ಪ ಸ್ವಲ್ಪ ಕಾಣಬಹುದು.

ಪ್ರೊಸೆಸರ್ ವಿಷಯಕ್ಕೆ ಬರುತ್ತೇನೆ. ನಿಮ್ಮ 40,000ಕ್ಕೆ ನನ್ನ ಆಯ್ಕೆ ಕೋರ್ ಐ3-12100. ಅಂಗಡಿಯಲ್ಲಿ ಐ3-14100 ಸಿಕ್ಕರೂ ಸರಿಯೇ. ಅದೂ 4 ಕೋರ್‌ನದೇ, ವೇಗ ಸ್ವಲ್ಪ ಜಾಸ್ತಿ ಅಷ್ಟೇ. ಡಿಟಿಪಿಯಲ್ಲಿ ಬಹಳಷ್ಟು ಕೆಲಸ ಒಂದು ಕೋರ್ ಮೇಲೆ ನಿಂತಿರುತ್ತದೆ. ಹಳೆಯ ಪೇಜ್‌ಮೇಕರ್, ಹಳೆಯ ಕೋರೆಲ್‌ಡ್ರಾ ಇನ್ನೂ ಬಳಸುವ ಪ್ರೆಸ್‌ಗಳು ನಮ್ಮಲ್ಲಿ ಬಹಳ ಇವೆ. ಕನ್ನಡದ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಫೈಲುಗಳನ್ನು ಬಿಡುವಂತಿಲ್ಲ, ಅದು ನನಗೂ ಗೊತ್ತು. ಅವಕ್ಕೆ 8 ಕೋರ್ ಕೊಟ್ಟರೂ ಬಳಸಿಕೊಳ್ಳಲು ಬರುವುದಿಲ್ಲ. ಒಂದು ಕೋರ್ ಚುರುಕಾಗಿದ್ದರೆ ಸಾಕು. ನುಡಿಯಲ್ಲಿ ಟೈಪಿಂಗ್, ಬ್ರೌಸರ್‌ನಲ್ಲಿ ಅರ್ಜಿ ತುಂಬುವುದು ಇವಕ್ಕಂತೂ ಈ ಐ3 ಧಾರಾಳವಾಯಿತು.

ಎಲ್ಲಾ ಕೊಂಡ ಮೇಲೂ ದುಡ್ಡು ಉಳಿದರೆ ಐ5-12400ಕ್ಕೆ ಹೋಗಿ. 6 ಕೋರ್, 12 ಥ್ರೆಡ್. ವಿಡಿಯೊ ಎಡಿಟಿಂಗ್ ಶುರು ಮಾಡುವ ಯೋಚನೆ ಇದ್ದರೆ ಇದು ನಿಜವಾಗಿ ಉಪಯೋಗ. ಆದರೆ ಪ್ರೊಸೆಸರ್ ಮೇಲೇರಿಸಲು ಅಂತ ರ‍್ಯಾಮನ್ನು 8 ಜಿಬಿಗೆ ಇಳಿಸಬೇಡಿ. ನಿಮ್ಮ ಅಂಗಡಿಯಲ್ಲಿ 16 ಜಿಬಿ ಇರುವ ಐ3, 8 ಜಿಬಿ ಇರುವ ಐ5ಗಿಂತ ಮುಂದಿರುತ್ತದೆ.

ಹೆಸರಿನ ಕೊನೆಯ ಅಕ್ಷರದ ಮೇಲೆ ಕಣ್ಣಿಡಿ. 12100ಎಫ್, 12400ಎಫ್ ಅಂತ ಸ್ವಲ್ಪ ಅಗ್ಗದಲ್ಲಿ ಸಿಗುತ್ತವೆ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಕೆಲವು ಸಾವಿರ ಕಳೆದುಕೊಂಡವರನ್ನು ನೋಡಿದ್ದೇನೆ.

ಮಗನ ಗೆಳೆಯರು ಹೇಳಿದ ರೈಜನ್ ಕೂಡ ಒಳ್ಳೆಯದೇ. ರೈಜನ್ 5 5600ಜಿ ಅಂತ ಕೇಳಿ. 2021ರದು, 6 ಕೋರ್, 12 ಥ್ರೆಡ್. ಇಲ್ಲಿ ಕೊನೆಯ ಜಿ ಅಕ್ಷರವೇ ಗ್ರಾಫಿಕ್ಸ್ ಇದೆ ಅನ್ನುವ ಗುರುತು. ಆ ಗ್ರಾಫಿಕ್ಸ್ ಐ3ಯ ಒಳಗಿರುವುದಕ್ಕಿಂತ ಬಹಳ ಗಟ್ಟಿ. ಮಗ ವ್ಯಾಲರಂಟ್‌ನಂಥ ಆಟ ಆಡುವವನಾದರೆ ಅವನಿಗೆ ಇದೇ ಇಷ್ಟವಾಗುತ್ತದೆ. ಆದರೆ ಅಂಗಡಿಯೇ ಮುಖ್ಯ, ಆಟ ಆಮೇಲೆ ಅನ್ನುವುದಾದರೆ ನಾನು ಐ3 ಕಡೆಗೇ ವಾಲುತ್ತೇನೆ. ಅದಕ್ಕೆ ಇನ್ನೊಂದು ಕಾರಣ ಇದೆ. ಐ3-12100 ಕೂರುವ ಮದರ್‌ಬೋರ್ಡಿಗೆ ಮುಂದೆ 14ನೇ ತಲೆಮಾರಿನವರೆಗೆ ಪ್ರೊಸೆಸರ್ ಕೂರುತ್ತದೆ. ಬೋರ್ಡಿನ ಬಯೋಸ್ (ಅದರೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಸಬೇಕಾಗಬಹುದು, ಅಷ್ಟೇ. ಮೂರು ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡ್‌ನಲ್ಲಿ ದೊಡ್ಡದೊಂದು ಸಿಕ್ಕರೆ ಬದಲಿಸಿಕೊಳ್ಳಬಹುದು.

ಬಿಸಿಎ ಓದಿಗೆ ಎರಡೂ ಸಾಕು. ಜಾವಾ, ಪೈಥಾನ್, ಮೈಎಸ್‌ಕ್ಯುಎಲ್ ಯಾವುದೂ ಭಾರವಲ್ಲ. ಆಂಡ್ರಾಯ್ಡ್ ಸ್ಟುಡಿಯೊ ತೆರೆದು ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ನಡೆಯುವ ನಕಲಿ ಫೋನ್) ಓಡಿಸಿದಾಗ ಮಾತ್ರ 8 ಜಿಬಿ ಉಸಿರುಗಟ್ಟುತ್ತದೆ. ಅಲ್ಲೂ ಕೊನೆಗೆ ರ‍್ಯಾಮೇ ಕೇಳುತ್ತದೆ ನೋಡಿ.

ಹಾಗಾದರೆ ರ‍್ಯಾಮ್ ಯಾವುದು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಈಗ ಅತಿ ದುಬಾರಿಯಾಗಿರುವುದೂ ಇದೇ. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ತಯಾರಿಸುವುದು ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರ್‌ಗಳಿಗೆ ಬೇಕಾದ ವಿಶೇಷ ಮೆಮೊರಿಗೆ ಬೇಡಿಕೆ ಏರಿದ್ದರಿಂದ ಮೂವರೂ ಆ ಕಡೆ ತಿರುಗಿದರು. 2025ರ ಕೊನೆಯ ತಿಂಗಳುಗಳಲ್ಲಿ ನಮ್ಮ ನಿಮ್ಮಂಥವರು ಕೊಳ್ಳುವ ರ‍್ಯಾಮ್ ಬೆಲೆ ವಿಪರೀತ ಏರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಬಿಡಿ ಮಾರಾಟವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹಾಗಾಗಿ ಹಿಂದಿನ ವರ್ಷ ಯಾರೋ ಕೊಂಡ ಬೆಲೆ ಹೇಳಿ ಚೌಕಾಸಿ ಮಾಡಿದರೆ ಉಪಯೋಗ ಇಲ್ಲ. ಅದೇ ದಿನದ ಬೆಲೆಯನ್ನು ನಾಲ್ಕು ಅಂಗಡಿಯಲ್ಲಿ ಕೇಳಿ ಹೋಲಿಸಿ.

ಡಿಡಿಆರ್4, ಡಿಡಿಆರ್5 ಅಂತ ಎರಡು ಬಗೆ ಸಿಗುತ್ತವೆ. ಐ3-12100 ಎರಡನ್ನೂ ಒಪ್ಪುತ್ತದೆ. ಆದರೆ ಬೋರ್ಡ್ ಒಪ್ಪುವುದು ಒಂದನ್ನೇ. ಈ ಐ3ಗೆ ಹೊಂದುವ ಎಚ್610 ಅನ್ನುವ ಬೋರ್ಡ್ ಎರಡೂ ರೂಪದಲ್ಲಿ ಬರುತ್ತದೆ. ಡಿಡಿಆರ್4ನದಾದರೆ ಹಲವು ಬಾರಿ ಹೆಸರಿನ ಕೊನೆಗೆ ಡಿ4 ಅಂತ ಇರುತ್ತದೆ. ಸ್ಟಿಕ್‌ನ ಮಧ್ಯದ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಒಂದರದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿಯಬೇಡಿ. ನಿಮ್ಮ ಕೆಲಸದಲ್ಲಿ ಡಿಡಿಆರ್5ನಿಂದ ಕಣ್ಣಿಗೆ ಕಾಣುವಂಥ ಲಾಭ ಇಲ್ಲ. ಡಿಡಿಆರ್4, 3200 ವೇಗದ್ದು ತಗೊಳ್ಳಿ. 3600ದ್ದು ತೋರಿಸಿ ಇದು ಇನ್ನೂ ಫಾಸ್ಟ್ ಅಂದರೆ ಬೇಡ ಅನ್ನಿ. ಎಚ್610 ಬೋರ್ಡ್ ಅದನ್ನೂ 3200ಕ್ಕೇ ಓಡಿಸುತ್ತದೆ, ಸುಮ್ನೆ ದುಡ್ಡು ದಂಡ.

ಇನ್ನು 8 ಜಿಬಿಯ ಎರಡು ಸ್ಟಿಕ್ಕೋ, 16 ಜಿಬಿಯ ಒಂದೇ ಸ್ಟಿಕ್ಕೋ? ಎಲ್ಲರೂ ಎರಡು ಅಂತಾರೆ. ಅದಕ್ಕೆ ಕಾರಣವೂ ಇದೆ. ಒಂದು 3200 ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು. ಎರಡು ಹಾಕಿದರೆ ಎರಡು ದಾರಿ, ಒಟ್ಟು 51.2 ಜಿಬಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಈ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ 5600ಜಿ ಕೊಂಡು ಆಟ ಆಡುವವರಿಗೆ ಎರಡು ಸ್ಟಿಕ್ ಇರಲೇಬೇಕು. ಒಂದೇ ಹಾಕಿದರೆ ಆ ಒಳ್ಳೆಯ ಗ್ರಾಫಿಕ್ಸ್ ಕೊಂಡಿದ್ದೇ ವ್ಯರ್ಥ.

ಆದರೆ ನಿಮಗೆ ನಾನು ಒಂದೇ ಸ್ಟಿಕ್ ಅಂತ ಹೇಳುತ್ತೇನೆ. ಐ3, ಎಚ್610 ಬೋರ್ಡ್, 16 ಜಿಬಿಯ ಒಂದು ಸ್ಟಿಕ್. ಎಚ್610ರಲ್ಲಿ ಸ್ಲಾಟ್ ಇರುವುದೇ ಎರಡು. ಈಗ ಎರಡು 8 ಹಾಕಿ ಎರಡೂ ತುಂಬಿಸಿದರೆ, ನಾಳೆ ಫ್ಲೆಕ್ಸ್ ಕೆಲಸ ಹೆಚ್ಚಾಗಿ 32 ಜಿಬಿ ಬೇಕಾದಾಗ ಎರಡನ್ನೂ ಕಿತ್ತು ಹಾಕಬೇಕು. ರ‍್ಯಾಮ್ ಇಷ್ಟು ತುಟ್ಟಿ ಇರುವಾಗ ಅದು ನೋವಿನ ಮಾತು. ಒಂದು ಸ್ಲಾಟ್ ಖಾಲಿ ಬಿಟ್ಟರೆ, ಬೆಲೆ ಇಳಿದಾಗ ಅಂಥದ್ದೇ ಇನ್ನೊಂದು 16 ತಂದು ಕೂರಿಸಿದರಾಯಿತು. ಆಗ ಎರಡು ದಾರಿಯೂ ತೆರೆಯುತ್ತದೆ. ಲಗ್ನಪತ್ರಿಕೆ, ಸ್ಕ್ಯಾನ್, ಬ್ರೌಸರ್ ಕೆಲಸದಲ್ಲಿ ಅಲ್ಲಿಯವರೆಗಿನ ನಷ್ಟ ನಿಮ್ಮ ಗಮನಕ್ಕೂ ಬರುವುದಿಲ್ಲ.

ನಿಮ್ಮ ಹಳೆಯ 4 ಜಿಬಿ ಸ್ಟಿಕ್ ಆ ಖಾಲಿ ಸ್ಲಾಟ್‌ಗೆ ಬೇಡ. ಅದು ಡಿಡಿಆರ್3 ಆಗಿದ್ದರೆ ಕೂರುವುದಿಲ್ಲ. ಡಿಡಿಆರ್4 ಆಗಿದ್ದರೆ ಕೂರುತ್ತದೆ, ಆದರೆ ವೇಗ ಕಡಿಮೆಯದು. ಎರಡು ಬೇರೆ ವೇಗದ ಸ್ಟಿಕ್ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಜೋಡಿ ಎತ್ತಿನಲ್ಲಿ ಒಂದು ಕುಂಟಿದರೆ ಗಾಡಿ ಹೋಗುವುದು ಕುಂಟುವ ಎತ್ತಿನ ನಡಿಗೆಯಲ್ಲೇ. ಅದು ಹಳೆಯ ಮೆಷಿನ್‌ನಲ್ಲೇ ಇರಲಿ.

ಹೆಸರೇ ಕೇಳದ ಕಂಪನಿಯ ಅಗ್ಗದ ರ‍್ಯಾಮ್ ದಯವಿಟ್ಟು ಬೇಡ. ಕೆಲವು ವರ್ಷಗಳ ಹಿಂದೆ ಪರಿಚಯದವರ ಪ್ರೆಸ್‌ಗೆ ನಾನೇ ಜೋಡಿಸಿಕೊಟ್ಟ ಮೆಷಿನ್‌ನಲ್ಲಿ ಅಂಥದ್ದೊಂದು ಸ್ಟಿಕ್ ಸೇರಿಕೊಂಡಿತ್ತು. ಮೆಷಿನ್ ಕೆಟ್ಟು ನಿಲ್ಲಲಿಲ್ಲ, ಅದೇ ಕಷ್ಟವಾಯಿತು. ನಾಲ್ಕೈದು ದಿನಕ್ಕೊಮ್ಮೆ ಒಂದು ಪಿಡಿಎಫ್ ಹಾಳಾಗಿ ಬರುತ್ತಿತ್ತು. ತಂತ್ರಾಂಶ ಬದಲಿಸಿದರು, ವೈರಸ್ ಅಂದುಕೊಂಡರು. ಒಂದು ಮದುವೆಯ ಕರೆಯೋಲೆ ಅರ್ಧ ಪುಟ ಖಾಲಿಯಾಗಿ ಅಚ್ಚಾಯಿತು. ಕೊನೆಗೆ ಮೆಮ್‌ಟೆಸ್ಟ್86 ಅನ್ನುವ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿದಾಗ ದೋಷ ಸಿಕ್ಕಿತು. ಅಂದಿನಿಂದ ಯಾವ ಹೊಸ ಮೆಷಿನ್‌ಗೂ ಈ ಪರೀಕ್ಷೆ ಮಾಡದೆ ಕೈಗೆ ಕೊಡುವುದಿಲ್ಲ. ನೀವೂ ಮೊದಲ ರಾತ್ರಿಯೇ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಸ್ಟಿಕ್ ವಾಪಸ್ ಮಾಡಿ.

ಉಳಿದ ಭಾಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಾರ್ಡ್‌ಡಿಸ್ಕ್ ಬದಲಿಗೆ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) 500 ಜಿಬಿ ಸಾಕು, ಬೋರ್ಡಿನಲ್ಲಿ ಅದಕ್ಕೆ ಎಂ.2 ಸ್ಲಾಟ್ ಇದೆಯಾ ಅಂತ ನೋಡಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಐ3 ಮೆಷಿನ್ ಹೆಚ್ಚು ಕರೆಂಟ್ ಎಳೆಯುವುದಿಲ್ಲ. ಈಗಿರುವ ಯುಪಿಎಸ್ ಬ್ಯಾಟರಿ ಚೆನ್ನಾಗಿದ್ದರೆ ಅದೇ ನಡೆಯುತ್ತದೆ. ಆದರೆ ಎಸ್‌ಎಂಪಿಎಸ್ (ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮಾತ್ರ ಹೆಸರಿರುವ ಕಂಪನಿಯದೇ ಇರಲಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದು ಬೇಡ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಕಡೆ ಮೊದಲು ಸಾಯುವುದು ಅದೇ, ಸಾಯುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

40,000 ಹೊಂದಿಸುವುದು ಕಷ್ಟವಾಗಿ, 20,000ದ ಒಳಗೇ ಆಗಬೇಕು ಅನ್ನುವ ಪರಿಸ್ಥಿತಿ ಬಂದರೆ? ಆಗಲೂ ಆ ಐ7-3770 ಬೇಡ. ಕಚೇರಿಗಳಿಂದ ಬಂದ ರಿಫರ್ಬಿಶ್ಡ್ ಮೆಷಿನ್‌ಗಳಲ್ಲಿ ಎಂಟನೇ ತಲೆಮಾರು ಅಥವಾ ನಂತರದ್ದು ಕೇಳಿ. ಐ5-8500 ಅಂಥದ್ದು. 2018ರದು, 6 ಕೋರ್, ಡಿಡಿಆರ್4, ವಿಂಡೋಸ್ 11 ಅಧಿಕೃತವಾಗಿ ನಡೆಯುತ್ತದೆ. ಅದಕ್ಕೆ ರ‍್ಯಾಮ್ ಸೇರಿಸಿಕೊಂಡರೆ ನಿಮ್ಮ ಕೆಲಸ ಸಾಗುತ್ತದೆ.

ಹಳೆಯ ಕಂಪ್ಯೂಟರನ್ನು ಕೂಡಲೇ ಮಾರಬೇಡಿ. ನಿಮ್ಮ ಪ್ರಿಂಟರ್, ಬೆರಳಚ್ಚಿನ ಸಾಧನ, ಹಳೆಯ ತಂತ್ರಾಂಶ ಎಲ್ಲಾ ವಿಂಡೋಸ್ 11ರಲ್ಲಿ ನಡೆಯುತ್ತವೆ ಅಂತ ಖಾತ್ರಿ ಆಗುವವರೆಗೆ ಪಕ್ಕದಲ್ಲಿರಲಿ. ಮಾರುವ ದಿನ ಬಂದರೆ ಹಾರ್ಡ್‌ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಗಿರಾಕಿಗಳ ದಾಖಲೆ ಅದರಲ್ಲಿದೆ.

ಬಿಡಿ ಭಾಗಗಳಿಗೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಒಂದು ದಿನ ಬಂದು ಹೋದರೆ ಆಯ್ಕೆಗೆ ಜಾಗ ಸಿಗುತ್ತದೆ. ಹೇಳುವ ಬೆಲೆಯಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿ. ಪ್ರೊಸೆಸರ್ ಸೀಲ್ ಇರುವ ಡಬ್ಬಿಯಲ್ಲೇ ಬರಬೇಕು. ಡಬ್ಬಿಯದಕ್ಕೆ ಕಂಪನಿಯ 3 ವರ್ಷದ ವಾರಂಟಿ ಇದೆ, ಫ್ಯಾನ್ ಕೂಡ ಒಳಗೇ ಇರುತ್ತದೆ. ಡಬ್ಬಿ ಇಲ್ಲದ ಟ್ರೇ ಪ್ರೊಸೆಸರ್ ಅಗ್ಗ, ಆದರೆ ಅದಕ್ಕೆ ಅಂಗಡಿಯವರ ಮಾತೇ ವಾರಂಟಿ. ಬಿಲ್‌ನಲ್ಲಿ ಪ್ರತಿ ಭಾಗದ ಪೂರ್ತಿ ಮಾದರಿ ಸಂಖ್ಯೆ ಬರೆಸಿಕೊಳ್ಳಿ.

ಜೋಡಿಸಿ ಆನ್ ಮಾಡಿದ ಮೇಲೆ, ದುಡ್ಡು ಕೊಡುವ ಮೊದಲು, ಅಲ್ಲೇ ಕೂತು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಅನ್ನುವಲ್ಲಿ 12100 ಅಂತ ಇರಬೇಕು, ಎಫ್ ಇರಬಾರದು. ಮೆಮೊರಿ ಅನ್ನುವಲ್ಲಿ 16 ಜಿಬಿ, ವೇಗ 3200, ಎರಡು ಸ್ಲಾಟ್‌ನಲ್ಲಿ ಒಂದು ಬಳಕೆಯಲ್ಲಿದೆ ಅಂತ ತೋರಿಸಬೇಕು. ವೇಗ 2400 ಅಥವಾ 2666 ಅಂತ ಕಂಡರೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಲು ಹೇಳಿ, ಎರಡು ನಿಮಿಷದ ಕೆಲಸ. ಆಮೇಲೂ 3200 ಬರದಿದ್ದರೆ ಅದು ನೀವು ದುಡ್ಡು ಕೊಡುತ್ತಿರುವ ಸ್ಟಿಕ್ ಅಲ್ಲ. ಬದಲಿಸಿ ಕೊಡಲು ಕೇಳಿ.